ಎನ್ವಿರಾನ್ಮೆಂಟಲ್ ಮ್ಯಾನೇಜ್ಮೆಂಟ್ ಪರೀಕ್ಷೆ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತನೇ ಕ್ಲಾಸಿನ ಮಟ್ಟದಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ ಬರೆಯುವ ಮಕ್ಕಳು ಈಗ ನಮ್ಮ ಕಡೆಯೂ ಇದ್ದಾರೆ. ಅವರಲ್ಲಿ ಕೆಲವರು ಎನ್ವಿರಾನ್ಮೆಂಟಲ್ ಮ್ಯಾನೇಜ್ಮೆಂಟ್, ಅಂದರೆ ಪರಿಸರ ನಿರ್ವಹಣೆ, ತೆಗೆದುಕೊಳ್ಳುತ್ತಾರೆ. ಪುಸ್ತಕ ಇಂಗ್ಲಿಷಿನದು. ಅದರಲ್ಲಿರುವ ಊರುಗಳು ದೂರದವು. ಮಕ್ಕಳು ಅವನ್ನು ಬಾಯಿಪಾಠ ಮಾಡಲು ಒದ್ದಾಡುತ್ತಾರೆ. ಆದರೆ ಗಣಿ, ಬರ, ಕೆರೆ, ಬೋರ್‌ವೆಲ್, ಸೋಲಾರ್, ಮಣ್ಣಿನ ಸವಕಳಿ ಎಲ್ಲವೂ ಈ ಮೂರು ಜಿಲ್ಲೆಗಳ ಒಳಗೇ ಇವೆ. ಅವನ್ನು ಕಣ್ಣಾರೆ ನೋಡಿ ಓದಿದ ಮಗು ಚೆನ್ನಾಗಿ ಬರೆಯುತ್ತದೆ. ಈ ನಂಬಿಕೆಯಿಂದಲೇ ಕೆಳಗಿನ ಉತ್ತರಗಳನ್ನು ಬರೆದಿದ್ದೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಈ ವಿಷಯ ಇದೆಯಾ?

ಪ್ರತ್ಯೇಕ ವಿಷಯವಾಗಿ ಇಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ‘ನಮ್ಮ ಪರಿಸರ’ ಅನ್ನುವ ಪಾಠ ಇದೆ. ಸಮಾಜ ವಿಜ್ಞಾನದ ಭೂಗೋಳ ಭಾಗದಲ್ಲಿ ಮಣ್ಣು, ನೀರು, ಖನಿಜ, ವಿಕೋಪಗಳ ವಿಚಾರ ಬರುತ್ತದೆ. ಹಾಗಾಗಿ ಈ ಪುಟದ ಉದಾಹರಣೆಗಳು ರಾಜ್ಯ ಪಠ್ಯಕ್ರಮದ ಮಕ್ಕಳಿಗೂ ಉಪಯೋಗಕ್ಕೆ ಬರುತ್ತವೆ. ಪರೀಕ್ಷೆಯ ಮಾದರಿ ಬಗ್ಗೆ ಬರೆದಿರುವುದು ಮಾತ್ರ ಕೇಂಬ್ರಿಡ್ಜ್‌ನದು.

ಪರೀಕ್ಷೆ ಹೇಗಿರುತ್ತದೆ?

ಎರಡು ಪತ್ರಿಕೆ. ಒಂದೊಂದಕ್ಕೂ 80 ಅಂಕ, 1 ಗಂಟೆ 45 ನಿಮಿಷ. ಎರಡಕ್ಕೂ ಸಮಪಾಲು, ಶೇ. 50ರಂತೆ. ಮೊದಲನೆಯದು ಥಿಯರಿ. ಎರಡನೆಯದು ಒಂದು ಪ್ರದೇಶದ ನಕ್ಷೆ, ಕೋಷ್ಟಕ, ಗ್ರಾಫ್, ವಿವರಣೆ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಪತ್ರಿಕೆ. ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲೇ, ಕೊಟ್ಟ ಗೆರೆಗಳ ಮೇಲೆ ಬರೆಯಬೇಕು.

105 ನಿಮಿಷಕ್ಕೆ 80 ಅಂಕ ಅಂದರೆ ಒಂದು ಅಂಕಕ್ಕೆ ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಸಮಯ ಧಾರಾಳವಾಗಿಲ್ಲ, ತೀರಾ ಕಮ್ಮಿಯೂ ಅಲ್ಲ. ಎರಡನೇ ಪತ್ರಿಕೆಯಲ್ಲಿ ಓದುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ನೆನಪಿರಲಿ. ಪಠ್ಯಕ್ರಮ ಆಗಾಗ ಪರಿಷ್ಕರಣೆಯಾಗುತ್ತದೆ. ನಿಮ್ಮ ಪರೀಕ್ಷೆಯ ವರ್ಷದ ಪ್ರತಿಯನ್ನೇ ಶಾಲೆಯಲ್ಲಿ ಕೇಳಿ ಪಡೆಯಿರಿ.

ಒಂಬತ್ತು ವಿಭಾಗ ಇದೆ. ಯಾವುದರಿಂದ ಶುರು ಮಾಡಲಿ?

ಪುಸ್ತಕದ ಕ್ರಮ ಹೀಗಿದೆ: ಕಲ್ಲು ಮತ್ತು ಖನಿಜ, ಶಕ್ತಿ, ಕೃಷಿ, ನೀರು, ಸಾಗರ ಮತ್ತು ಮೀನುಗಾರಿಕೆ, ನೈಸರ್ಗಿಕ ವಿಕೋಪ, ವಾತಾವರಣ, ಜನಸಂಖ್ಯೆ, ಜೀವಿ ಪರಿಸರ. ಇದೇ ಕ್ರಮದಲ್ಲಿ ಓದಲೇಬೇಕು ಅಂತೇನಿಲ್ಲ. ನಮ್ಮ ಕಡೆಯ ಮಕ್ಕಳಿಗೆ ನಾನು ನೀರಿನಿಂದ ಶುರು ಮಾಡಿ ಅಂತಲೇ ಹೇಳುವುದು. ನೀರು ಅರ್ಥವಾದರೆ ಕೃಷಿ ಅರ್ಥವಾಗುತ್ತದೆ. ಕೃಷಿ ಅರ್ಥವಾದರೆ ವಲಸೆ ಮತ್ತು ಜನಸಂಖ್ಯೆ ಅರ್ಥವಾಗುತ್ತವೆ. ಈ ಮೂರೂ ನಿಮ್ಮ ಮನೆಯಲ್ಲಿ ದಿನಾ ಮಾತಾಡುವ ವಿಷಯಗಳೇ.

ನೀರಿನ ಪಾಠಕ್ಕೆ ಕೋಲಾರದ ಉದಾಹರಣೆ ಬರೆದರೆ ಅಂಕ ಕೊಡುತ್ತಾರಾ?

ಖಂಡಿತ. ಉದಾಹರಣೆ ಇಂಥ ದೇಶದ್ದೇ ಆಗಬೇಕು ಅನ್ನುವ ನಿಯಮ ಇಲ್ಲ. ಅದು ನಿಜವಾಗಿರಬೇಕು, ಜಾಗದ ಹೆಸರು ಇರಬೇಕು, ಪ್ರಶ್ನೆಗೆ ಹೊಂದಬೇಕು. ಅಷ್ಟೇ.

ನಮ್ಮ ಹತ್ತಿರ ಇರುವ ಬಹಳ ಒಳ್ಳೆಯ ಉದಾಹರಣೆ ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಪೈಪಿನಲ್ಲಿ ಕೋಲಾರಕ್ಕೆ ತರುತ್ತಾರೆ. ಉದ್ದೇಶ ಕುಡಿಯಲು ಕೊಡುವುದಲ್ಲ, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ದಿನಕ್ಕೆ 440 ದಶಲಕ್ಷ ಲೀಟರ್ ಮತ್ತು 126 ಕೆರೆಗಳು ಯೋಜನೆಯ ಮೊದಲ ಹಂತದ ಗುರಿ. 2018ರಲ್ಲಿ ನೀರು ಮೊದಲು ಬಂದದ್ದು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಇಂಥದ್ದೇ ಇನ್ನೊಂದು ಯೋಜನೆ ಇದೆ. ಅದರ ಗುರಿ ದಿನಕ್ಕೆ 210 ದಶಲಕ್ಷ ಲೀಟರ್.

ಈಗ ಇದನ್ನು ಪರೀಕ್ಷೆಯ ಕಣ್ಣಿನಿಂದ ನೋಡಿ. ಲಾಭ ಏನು? ಬತ್ತಿದ್ದ ಕೆರೆ ತುಂಬಿತು, ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ತರಕಾರಿ ಬೆಳೆಗಾರರಿಗೆ ಅನುಕೂಲವಾಯಿತು. ನಗರದ ತ್ಯಾಜ್ಯ ನೀರಿಗೂ ಮರುಬಳಕೆಯ ದಾರಿ ಸಿಕ್ಕಿತು. ಆತಂಕ ಏನು? ಶುರುವಾದ ವರ್ಷವೇ ಕೆರೆಯಲ್ಲಿ ನೊರೆ ಕಂಡು ವಿಷಯ ಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ ಉಳಿದರೆ ಪಾಚಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾ ಆಮ್ಲಜನಕ ಎಳೆದುಕೊಳ್ಳುತ್ತವೆ, ಮೀನು ಸಾಯುತ್ತವೆ. ಪುಸ್ತಕದಲ್ಲಿ ‘ಯೂಟ್ರೊಫಿಕೇಶನ್’ ಅಂತ ಇರುವುದು ಇದೇ.

ಒಂದೇ ಯೋಜನೆಯಲ್ಲಿ ಅಂತರ್ಜಲ ಮರುಪೂರಣ, ಸಂಸ್ಕರಣೆ, ಮಾಲಿನ್ಯ, ನಗರ ಮತ್ತು ಹಳ್ಳಿಯ ಸಂಬಂಧ ಎಲ್ಲ ಸಿಗುತ್ತದೆ. ಇದರ ಪಕ್ಕದಲ್ಲಿ ಎತ್ತಿನಹೊಳೆ ಯೋಜನೆ ಇಟ್ಟು ಹೋಲಿಸಿ. ಅದು ಸಕಲೇಶಪುರದ ಕಡೆಯ ಹಳ್ಳಗಳಿಂದ ದೂರಕ್ಕೆ ನೀರು ತರುವ ಯೋಜನೆ. ಪಶ್ಚಿಮ ಘಟ್ಟದ ಕಾಡಿಗೆ ಹಾನಿ ಅನ್ನುವುದು ಅದರ ಮೇಲಿನ ಮುಖ್ಯ ಆಕ್ಷೇಪ. ಮೂರನೆಯದಾಗಿ ಹೂಳೆತ್ತಿ, ರಾಜಕಾಲುವೆ ತೆರವು ಮಾಡಿ, ಬಿದ್ದ ಮಳೆಯನ್ನೇ ಹಿಡಿಯುವ ದಾರಿ. ‘ಯಾವುದು ಉತ್ತಮ, ಯಾಕೆ?’ ಅಂತ ಕೇಳಿದರೆ ಮೂರನ್ನೂ ತೂಗಿ ಬರೆಯಬಹುದು. ಪರೀಕ್ಷಕರಿಗೆ ಬೇಕಿರುವುದು ಆ ತೂಗುವಿಕೆ.

ಫ್ಲೋರೈಡ್ ಬಗ್ಗೆ ಎಷ್ಟು ತಿಳಿದಿರಬೇಕು?

ಕಾರಣ ಮತ್ತು ಪರಿಣಾಮ ಗೊತ್ತಿದ್ದರೆ ಸಾಕು. ನಮ್ಮ ಕಡೆ ನೆಲದಡಿ ಇರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಕಲ್ಲು. ಈ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಿರುಕುಗಳಲ್ಲಿ ಬಹಳ ಕಾಲ ನಿಂತ ನೀರಿಗೆ ಅದು ಕರಗಿ ಸೇರುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಲ್ಲಿ ನಾವು ಎತ್ತುತ್ತಿರುವುದು ಅಂಥ ಹಳೇ ನೀರನ್ನು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ ಇರಬಹುದು ಅನ್ನುವುದು ಭಾರತದ ಮಾನದಂಡ. ಮೀರಿದರೆ ಹಲ್ಲು ಕಂದಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಪಾವಗಡ, ಬಾಗೇಪಲ್ಲಿ ಕಡೆ ಹೋದರೆ ಇದು ಹಳೇ ತಲೆಮಾರಿನವರ ನಡಿಗೆಯಲ್ಲೇ ಕಾಣುತ್ತದೆ. ಮನಸ್ಸಿಗೆ ಬಹಳ ನೋವಾಗುತ್ತದೆ.

ಊರಿನ ಶುದ್ಧ ನೀರಿನ ಘಟಕಕ್ಕೆ ಒಮ್ಮೆ ಕ್ಯಾನ್ ಹಿಡಿದು ನೀವೇ ಹೋಗಿ. ಶುದ್ಧ ನೀರು ಒಂದು ಕಡೆ ಬಂದರೆ, ಉಪ್ಪು ತುಂಬಿದ ನೀರು ಇನ್ನೊಂದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ನೀರು ಎಲ್ಲಿಗೆ ಸೇರುತ್ತದೆ ಅಂತ ನೋಡಿ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳ ಬಗ್ಗೆ ಪುಸ್ತಕ ಹೇಳುವ ಸಮಸ್ಯೆಯೂ ಇದೇ.

ಗಣಿಗಾರಿಕೆಗೆ ಕೆಜಿಎಫ್ ಸಾಕಾ?

ಆಳ ಗಣಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಗಣಿಗೆ ಬೇಕು ಅಂತಲೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದರು. ನೀರಿಗೆ ಪಾಲಾರ್ ನದಿಯ ಬೇತಮಂಗಲ ಕೆರೆ ಇತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಆಳಕ್ಕೆ ಹೋದಂತೆ ಸೆಖೆ, ಕಲ್ಲು ಸಿಡಿಯುವ ಅಪಾಯ ಮತ್ತು ಖರ್ಚು ಹೆಚ್ಚಿದವು. ಟನ್ ಅದಿರಿಗೆ ಸಿಗುವ ಚಿನ್ನ ಕಮ್ಮಿಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಖನಿಜ ಇದ್ದರೂ ಗಣಿ ಯಾಕೆ ಮುಚ್ಚುತ್ತಾರೆ ಅನ್ನುವ ಪ್ರಶ್ನೆಗೆ ಈ ನಾಲ್ಕು ಸಾಲೇ ಉತ್ತರ.

ಪರಿಣಾಮಗಳನ್ನು ಬರೆಯುವಾಗ ‘ಮಾಲಿನ್ಯ ಆಗುತ್ತದೆ’ ಅಂತ ಬಿಟ್ಟರೆ ಅಂಕ ಬರುವುದಿಲ್ಲ. ಯಾವುದರಿಂದ, ಹೇಗೆ, ಯಾರಿಗೆ ಅಂತ ಹೇಳಬೇಕು. ಅದಿರನ್ನು ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿಯನ್ನು ಊರ ಪಕ್ಕ ರಾಶಿ ಹಾಕಿದರು. ಜನ ‘ಸೈನೈಡ್ ದಿಬ್ಬ’ ಅನ್ನುವುದು ಅದನ್ನೇ. ಅಲ್ಲಿ ಗಿಡ ಬೇರೂರುವುದು ಕಷ್ಟ. ಬೇರಿಲ್ಲದ ಕಾರಣ ಗಾಳಿ ಬೀಸಿದಾಗ ಧೂಳು ಮನೆಗಳ ಮೇಲೆ ಬರುತ್ತದೆ, ಮಳೆಯಲ್ಲಿ ಕೊಚ್ಚಿ ತಗ್ಗಿಗೆ ಹರಿಯುತ್ತದೆ.

ಇದಕ್ಕೆ ಪರಿಹಾರ ಕೇಳಿದರೆ ಪುಸ್ತಕದ ಮಾತನ್ನೇ ಈ ದಿಬ್ಬಕ್ಕೆ ಅನ್ವಯಿಸಿ: ಮೇಲೆ ಮಣ್ಣು ಹೊದಿಸುವುದು, ಬರ ತಡೆಯುವ ಹುಲ್ಲು ಮತ್ತು ಮರ ಬೆಳೆಸುವುದು, ವಿಷ ಹೀರುವ ಗಿಡ ಅಥವಾ ಸೂಕ್ಷ್ಮಜೀವಿಗಳನ್ನು ಬಳಸುವುದು. ಜನರ ವಿಷಯ ಮರೆಯಬೇಡಿ. ಗಣಿ ಮುಚ್ಚಿದ ಮೇಲೆ ಊರಿನ ಕೆಲಸ ಹೋಯಿತು. ಇಂದಿಗೂ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ತುಂಬಿ ಬೆಂಗಳೂರಿಗೆ ಹೋಗುತ್ತದೆ. ಬಯಲು ಗಣಿಗೆ ಮಾತ್ರ ಬೇರೆ ಉದಾಹರಣೆ ಬೇಕು. ಹತ್ತಿರದ ಕಲ್ಲು ಕ್ವಾರಿಯನ್ನು ರಸ್ತೆಯಿಂದ ನೋಡಿದರೂ ಸಾಕು. ಒಳಗೆ ಹೋಗಬೇಡಿ.

ಆರು ಅಂಕದ ಪ್ರಶ್ನೆಯಲ್ಲಿ ಯಾವಾಗಲೂ ಎರಡೋ ಮೂರೋ ಅಂಕ ಬರುತ್ತದೆ. ಯಾಕೆ?

ಒಂದು ಹೇಳಿಕೆ ಕೊಟ್ಟು ‘ಇದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಅಂತ ಕೇಳುವ ಪ್ರಶ್ನೆ ಅದು. ಬಹುಪಾಲು ಮಕ್ಕಳು ಒಂದೇ ಕಡೆ ವಾಲಿ ಬರೆಯುತ್ತಾರೆ. ಗೊತ್ತಿರುವುದನ್ನೆಲ್ಲ ಸುರಿಯುತ್ತಾರೆ, ಒಂದು ಊರಿನ ಹೆಸರೂ ಇರುವುದಿಲ್ಲ. ಇಲ್ಲಿ ಅಂಕ ಸಿಗುವುದು ಎರಡೂ ಕಡೆಯ ಕಾರಣಕ್ಕೆ, ನಿಜವಾದ ಉದಾಹರಣೆಗೆ, ಕೊನೆಯಲ್ಲಿ ನಿಮ್ಮದೇ ತೀರ್ಮಾನಕ್ಕೆ.

ಅಭ್ಯಾಸಕ್ಕೆ ನಾನೇ ಒಂದು ಹೇಳಿಕೆ ಕೊಡುತ್ತೇನೆ: ‘ಸೌರಶಕ್ತಿಯಿಂದ ಪರಿಸರಕ್ಕಾಗಲಿ ಜನರಿಗಾಗಲಿ ತೊಂದರೆ ಇಲ್ಲ.’ ತುಮಕೂರು ಜಿಲ್ಲೆಯ ಪಾವಗಡ ತೆಗೆದುಕೊಳ್ಳಿ. 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್, ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿದೆ.

ಒಪ್ಪುವ ಕಡೆ: ಕಲ್ಲಿದ್ದಲು ಸುಡುವುದಿಲ್ಲ, ಇಂಗಾಲದ ಡೈಆಕ್ಸೈಡ್ ಬಿಡುವುದಿಲ್ಲ. ಮೋಡ ಕಮ್ಮಿ, ಬಿಸಿಲು ಜಾಸ್ತಿ, ಹಾಗಾಗಿ ಜಾಗದ ಆಯ್ಕೆ ಸರಿ. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕೈಕೊಟ್ಟ ಶೇಂಗಾ ರೈತನಿಗೆ ಅದು ಖಾತ್ರಿ ದುಡ್ಡು.

ಒಪ್ಪದ ಕಡೆ: ಜಮೀನಿಲ್ಲದವರಿಗೆ ಬಾಡಿಗೆ ಬರಲಿಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವ ಬಯಲು ಬೇಲಿಯೊಳಗೆ ಸೇರಿತು. ಪ್ಯಾನೆಲ್ ತೊಳೆಯಲು ನೀರು ಬೇಕು, ಅದೂ ನೀರಿಲ್ಲದ ಊರಿನಲ್ಲಿ. ರಾತ್ರಿ ಉತ್ಪಾದನೆ ಇಲ್ಲ. ಪ್ಯಾನೆಲ್ ಹಳತಾದ ಮೇಲೆ ಅದರ ಕಸ ಏನು ಮಾಡುವುದು?

ತೀರ್ಮಾನ: ‘ಗಾಳಿಯ ಮಾಲಿನ್ಯದ ಮಟ್ಟಿಗೆ ಒಪ್ಪುತ್ತೇನೆ. ಜನರ ಮಟ್ಟಿಗೆ ಒಪ್ಪುವುದಿಲ್ಲ, ಏಕೆಂದರೆ ಲಾಭ ಭೂಮಿ ಇದ್ದವರಿಗೆ ಮಾತ್ರ ತಲುಪಿತು.’ ನಿಮ್ಮ ತೀರ್ಮಾನ ಬೇರೆ ಇರಬಹುದು. ಕಾರಣ ಗಟ್ಟಿಯಾಗಿದ್ದರೆ ಅಂಕ ಅಷ್ಟೇ ಸಿಗುತ್ತದೆ.

ನಮ್ಮ ಅಜ್ಜಿ ತಾತ ಹೇಳುವ ಬೇಸಾಯದ ಮಾತು ಪರೀಕ್ಷೆಗೆ ಬರುತ್ತಾ?

ಬರುತ್ತದೆ! ಕೃಷಿಯ ವಿಭಾಗ ಓದುವ ಮೊದಲು ಅವರ ಜೊತೆ ಹೊಲಕ್ಕೆ ಹೋಗಿ. ಬದು ಹಾಕುವುದು ಮಣ್ಣು ಕೊಚ್ಚಿಹೋಗದಂತೆ ತಡೆಯುವ ಕ್ರಮ. ರಾಗಿ ಸಾಲುಗಳ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದು ಮಿಶ್ರ ಬೆಳೆ. ದ್ವಿದಳ ಧಾನ್ಯ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಒಂದು ಬೆಳೆ ಹೋದರೂ ಇನ್ನೊಂದು ಉಳಿಯುತ್ತದೆ. ಕೆರೆಯ ಗೋಡು ಹೊಡೆಯುವುದು ಸಾವಯವ ಅಂಶ ಸೇರಿಸುವುದು. ಕೃಷಿ ಹೊಂಡ ಮಳೆ ನೀರಿನ ಸಂಗ್ರಹ. ಟೊಮೆಟೊ ತೋಟದ ಡ್ರಿಪ್ ಮತ್ತು ಮಲ್ಚಿಂಗ್ ಶೀಟ್ ನೀರು ಉಳಿಸುತ್ತವೆ. ಆದರೆ ಹರಿದ ಶೀಟು ಪ್ಲಾಸ್ಟಿಕ್ ಕಸವಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಈ ‘ಆದರೆ’ಯನ್ನು ಉತ್ತರದಲ್ಲಿ ಬಿಡಬೇಡಿ.

ನೀಲಗಿರಿ ತೋಪಿನ ಕತೆಯನ್ನೂ ಅವರನ್ನೇ ಕೇಳಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ತುಂಬ ನೆಟ್ಟರು. ನೆಲದ ನೀರು ಹೀರುತ್ತದೆ ಅಂತ ವಿರೋಧ ಬಂತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಮರ ನೆಟ್ಟ ಮಾತ್ರಕ್ಕೆ ಪರಿಸರ ಉಳಿಯುತ್ತದೆ ಅನ್ನುವ ಉತ್ತರ ಬರೆಯುವ ಮುಂಚೆ ಇದನ್ನು ಯೋಚಿಸಿ.

ಸಮುದ್ರ, ಚಂಡಮಾರುತ, ಭೂಕಂಪ ಇವೆಲ್ಲ ನಮ್ಮ ಕಡೆ ಇಲ್ಲವಲ್ಲ?

ಸಮುದ್ರ ಇಲ್ಲ, ನಿಜ. ಆ ವಿಭಾಗವನ್ನು ಪುಸ್ತಕದಿಂದಲೇ ಓದಬೇಕು. ಆದರೆ ನಂಟು ಇದೆ. ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಎಂದಿಗಿಂತ ಬಿಸಿಯಾಗುವ ವರ್ಷದಲ್ಲಿ ವಾಣಿಜ್ಯ ಮಾರುತ (ಟ್ರೇಡ್ ವಿಂಡ್) ದುರ್ಬಲವಾಗಿ ಪೆರು ತೀರದಲ್ಲಿ ತಣ್ಣನೆ, ಪೋಷಕಾಂಶ ತುಂಬಿದ ನೀರು ಮೇಲೇಳುವುದು ನಿಲ್ಲುತ್ತದೆ, ಮೀನು ಕಮ್ಮಿಯಾಗುತ್ತವೆ. ಅಂಥ ವರ್ಷ ನಮ್ಮ ಮುಂಗಾರು ಕೈಕೊಡುವ ಸಾಧ್ಯತೆಯೂ ಜಾಸ್ತಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮಗೆ ಹಿಂಗಾರಿನ ಜಡಿಮಳೆ ತರುತ್ತದೆ. 2021ರ ನವೆಂಬರ್‌ನಲ್ಲಿ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದದ್ದು ನಿಮಗೇ ನೆನಪಿರಬಹುದು. ರಾಗಿ ಹೊಲದಲ್ಲೇ ಮೊಳಕೆ ಬಂದದ್ದೂ ಅದೇ ಮಳೆಗೆ.

ಭೂಕಂಪಕ್ಕೆ ಗೌರಿಬಿದನೂರು ಇದೆ. ಅಲ್ಲಿ 1960ರ ದಶಕದಿಂದ ಭೂಕಂಪನ ಅಳೆಯುವ ಕೇಂದ್ರ ಇದೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಕಡೆ ಸುಮಾರು 3ರ ತೀವ್ರತೆಯ ಲಘು ಕಂಪನಗಳಾದವು. ನಾವು ಭೂಫಲಕದ (ಟೆಕ್ಟಾನಿಕ್ ಪ್ಲೇಟಿನ) ಅಂಚಿನಲ್ಲಿಲ್ಲ, ಒಳಭಾಗದಲ್ಲಿದ್ದೇವೆ. ಹಿಮಾಲಯದ ಕಡೆ ದೊಡ್ಡ ಭೂಕಂಪ ಯಾಕೆ, ಇಲ್ಲಿ ಚಿಕ್ಕದು ಯಾಕೆ ಅನ್ನುವುದನ್ನು ಹೀಗೆ ಹೋಲಿಸಿ ಓದಿ. ಬರಗಾಲದ ಬಗ್ಗೆ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಗೊತ್ತಿರುವ ಉತ್ತರಕ್ಕೂ ಅಂಕ ಕಡಿಯುತ್ತಾರೆ. ಏನು ಮಾಡುವುದು?

ಪ್ರಶ್ನೆಯ ಕ್ರಿಯಾಪದ ನೋಡಿ. ‘ಸ್ಟೇಟ್’ ಅಂದರೆ ಚುಟುಕಾಗಿ ಹೇಳಿ, ಕಾರಣ ಬೇಡ. ‘ಡಿಸ್ಕ್ರೈಬ್’ ಅಂದರೆ ಕಂಡದ್ದನ್ನು ಹೇಳಿ. ಗ್ರಾಫ್ ಇದ್ದರೆ ಏರಿತೋ ಇಳಿಯಿತೋ, ಎಲ್ಲಿಂದ ಎಲ್ಲಿಗೆ ಅಂತ ಅಂಕಿ ಸಮೇತ ಬರೆಯಬೇಕು. ‘ಎಕ್ಸ್‌ಪ್ಲೇನ್’ ಅಂದರೆ ಯಾಕೆ ಅಂತ ಹೇಳಿ. ‘ಸಜೆಸ್ಟ್’ ಅಂದರೆ ಪುಸ್ತಕದಲ್ಲಿ ಇಲ್ಲದಿದ್ದರೂ ತಿಳಿದದ್ದನ್ನು ಬಳಸಿ ಊಹಿಸಿ. ಡಿಸ್ಕ್ರೈಬ್ ಅಂದ ಕಡೆ ಕಾರಣ ಬರೆಯುತ್ತಾ ಕೂರುವ ಮಕ್ಕಳೇ ಜಾಸ್ತಿ. ನಾಲ್ಕು ಸಾಲು ಬರೆದರೂ ಅದಕ್ಕೆ ಅಂಕ ಇಲ್ಲ.

ಲೆಕ್ಕ ಎಷ್ಟು ಇರುತ್ತದೆ?

ಶೇಕಡಾವಾರು, ಸರಾಸರಿ, ಅನುಪಾತ. ಕ್ಯಾಲ್ಕುಲೇಟರ್ ಬಳಸಬಹುದು. ಬದಲಾವಣೆಯ ಶೇಕಡಾ ಲೆಕ್ಕದಲ್ಲಿ ಹಳೇ ಅಂಕಿಯಿಂದಲೇ ಭಾಗಿಸಬೇಕು. ಅಂತರ್ಜಲ 400 ಅಡಿಯಿಂದ 300 ಅಡಿಗೆ ಮೇಲೆ ಬಂತು ಅಂದುಕೊಳ್ಳಿ. ವ್ಯತ್ಯಾಸ 100, ಅದನ್ನು 400ರಿಂದ ಭಾಗಿಸಿ, 100ರಿಂದ ಗುಣಿಸಿ: ಶೇ. 25. ಲೆಕ್ಕದ ಹಂತ ಬರೆಯಿರಿ, ಏಕಮಾನವನ್ನೂ (ಯೂನಿಟ್) ಬರೆಯಿರಿ.

ಕ್ಷೇತ್ರ ಸಮೀಕ್ಷೆ ಮಾಡಿಲ್ಲ. ಆ ಪ್ರಶ್ನೆಗಳಿಗೆ ಹೇಗೆ ಉತ್ತರಿಸಲಿ?

ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ನಾಲ್ಕು ಕೋಲು, ಒಂದು ಹಗ್ಗ, ಒಂದು ಮೀಟರ್ ಚೌಕ. ಇದೇ ಕ್ವಾಡ್ರಟ್. ಚೆನ್ನಾಗಿ ಗಿಡ ಇರುವ ಕಡೆಯೇ ಇಡಬೇಡಿ. ಬಯಲಿಗೆ ಎರಡು ಅಳತೆ ಗೆರೆ ಹಾಕಿಕೊಂಡು, ಚೀಟಿ ಎತ್ತಿ ಬಂದ ಸಂಖ್ಯೆಯ ಜಾಗದಲ್ಲಿ ಇಡಿ. ಪಾರ್ಥೇನಿಯಂ ಗಿಡ ಎಣಿಸಿ. 10 ಚೌಕದಲ್ಲಿ 25 ಗಿಡ ಸಿಕ್ಕರೆ ಚೌಕಕ್ಕೆ 2.5. ಬಯಲು 200 ಚದರ ಮೀಟರ್ ಇದ್ದರೆ ಅಂದಾಜು 500 ಗಿಡ. ಕೆರೆ ಏರಿಯಿಂದ ಅಂಗಳದ ಕಡೆಗೆ ಹಗ್ಗ ಎಳೆದು, ಸಮ ಅಂತರದಲ್ಲಿ ಗಿಡ ನೋಡುತ್ತಾ ಹೋದರೆ ಅದು ಟ್ರಾನ್ಸೆಕ್ಟ್. ಕೈಯಾರೆ ಮಾಡಿದ ಮೇಲೆ ‘ಈ ವಿಧಾನವನ್ನು ಹೇಗೆ ಉತ್ತಮಪಡಿಸಬಹುದು?’ ಅನ್ನುವ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ: ಚೌಕ ಹೆಚ್ಚಿಸಿ, ಬೇರೆ ಋತುವಿನಲ್ಲಿ ಮತ್ತೆ ಮಾಡಿ.

ಜೀವವೈವಿಧ್ಯ ಉಳಿಸುವ ಪ್ರಶ್ನೆಗೆ ಎರಡು ಜಾಗ ನೆನಪಿಡಿ. ಮಧುಗಿರಿ ತಾಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ ಇದೆ. ಸಿರಾ ತಾಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಊರಿನವರೇ ಕಾಯುತ್ತಾರೆ. ಸ್ಥಳೀಯ ಜನ ಸೇರಿದರೆ ಸಂರಕ್ಷಣೆ ಉಳಿಯುತ್ತದೆ ಅನ್ನುವುದಕ್ಕೆ ಕಗ್ಗಲಡು ನನಗೆ ಬಹಳ ಇಷ್ಟವಾದ ಉದಾಹರಣೆ.

ಹಳೇ ಪ್ರಶ್ನೆಪತ್ರಿಕೆ ಯಾವಾಗ ಶುರು ಮಾಡಲಿ?

ಪಾಠ ಎಲ್ಲ ಮುಗಿಯಲಿ ಅಂತ ಕಾಯಬೇಡಿ. ಒಂದು ವಿಭಾಗ ಮುಗಿದ ಕೂಡಲೇ ಆ ವಿಭಾಗದ ಹಳೇ ಪ್ರಶ್ನೆ ಬಿಡಿಸಿ. ಬರೆದ ಮೇಲೆ ಮಾರ್ಕ್ ಸ್ಕೀಮ್, ಅಂದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ, ಎದುರಿಗಿಟ್ಟು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ. ಬರೀ ಓದಿಕೊಂಡು ‘ನನಗೆ ಇದು ಗೊತ್ತಿತ್ತು’ ಅಂದುಕೊಳ್ಳುವುದು ಅಭ್ಯಾಸ ಅಲ್ಲ.

ನಮಗೆ ಇಂಗ್ಲಿಷ್ ಬರಲ್ಲ. ಮಗುವಿಗೆ ಹೇಗೆ ಸಹಾಯ ಮಾಡೋದು?

ಅಪ್ಪ ಅಮ್ಮಂದಿರು ಈ ಪ್ರಶ್ನೆ ಕೇಳುವಾಗ ದನಿ ತಗ್ಗಿಸುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಇವತ್ತಿನ ಪಾಠ ಕನ್ನಡದಲ್ಲಿ ಹೇಳು ಪುಟ್ಟಾ’ ಅನ್ನಿ. ಮನೆಯಲ್ಲಿ ತೆಲುಗು ಇದ್ದರೆ ತೆಲುಗಿನಲ್ಲಿ, ಉರ್ದು ಇದ್ದರೆ ಉರ್ದುವಿನಲ್ಲಿ. ಹೇಳಲು ಬಂದರೆ ಅರ್ಥವಾಗಿದೆ. ತಡವರಿಸಿದರೆ ಅಲ್ಲಿ ಬಾಯಿಪಾಠ ಇದೆ. ‘ಯಾಕೆ?’ ಅಂತ ಎರಡು ಸಲ ಕೇಳಿ. ನಿಮ್ಮ ಬೋರ್‌ವೆಲ್ ಯಾವ ವರ್ಷ ಕೊರೆಸಿದಿರಿ, ಎಷ್ಟು ಅಡಿಗೆ ನೀರು ಬಂತು, ಯಾವಾಗ ಒಣಗಿತು ಅಂತ ಹೇಳಿ. ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಮಗುವಿನ ಕೆಲಸ.

ಕೊಟ್ಟ ಗೆರೆಗಳಲ್ಲಿ ಉತ್ತರ ಹಿಡಿಸದಿದ್ದರೆ?

ಖಾಲಿ ಜಾಗದಲ್ಲೋ ಹೆಚ್ಚುವರಿ ಹಾಳೆಯಲ್ಲೋ ಮುಂದುವರಿಸಿ, ಪ್ರಶ್ನೆ ಸಂಖ್ಯೆ ಸ್ಪಷ್ಟವಾಗಿ ಹಾಕಿ. ಎರಡು ಅಂಕದ ಪ್ರಶ್ನೆಗೇ ಹೀಗಾಗುತ್ತಿದ್ದರೆ ನೀವು ಬೇಕಾದ್ದಕ್ಕಿಂತ ಜಾಸ್ತಿ ಬರೆಯುತ್ತಿದ್ದೀರಿ. ಎರಡು ಅಂಶ ಬರೆದು ಮುಂದಿನ ಪ್ರಶ್ನೆಗೆ ಹೋಗಿ.